ಬೆನ್ನ ಹಿಂದಿನ ಗಿಲಕಿ

ಶವ ಸಾಗಿಸುವ ವ್ಯಾನಿನ ಹಿಂಬಾಗಿಲು ಸರಿಯಾಗಿ ಕೂರುತ್ತಿರಲಿಲ್ಲ. ಡ್ರೈವರ್ ಎರಡು ಸಲ ತಳ್ಳಿ ನೋಡಿ, ಮತ್ತೆ ಮೈಭಾರವನ್ನೆಲ್ಲ ಬಿಟ್ಟು ಬಡಿದ. ಅಂಗಳದಲ್ಲಿದ್ದವರೆಲ್ಲ ಬೆಚ್ಚಿದರು. ಒಳಗೆ ಮಲಗಿದ್ದವಳ ಮಗಳು ಅಲ್ಲೇ ಪಕ್ಕದಲ್ಲಿ ನಿಂತಿದ್ದಳು. ಅವಳ ಹೆಗಲಿಗೊರಗಿದ್ದ ಕೂಸು ಎಚ್ಚರವಾಗಿಯೇ ಇತ್ತು, ರೆಪ್ಪೆಯನ್ನೂ ಅಲುಗಿಸಲಿಲ್ಲ.

“ಎಂಥಾ ಸಾಧು ಮಗು ಕಣೇ,” ಚಿಕ್ಕಮ್ಮ ಮೂಗೊರೆಸಿಕೊಂಡಳು. “ಬೆಳಗಿಂದ ಇಷ್ಟು ಗೋಳಾಟ ನಡೆದ್ರೂ ಒಂದ್ಸಲಾನೂ ಹೆದರ್ಲಿಲ್ಲ. ನನ್ನ ಮೊಮ್ಮಗ ಆಗಿದ್ರೆ ಭೂಮಿ ಆಕಾಶ ಒಂದು ಮಾಡ್ತಿದ್ದ.”

ಮಗಳು ವ್ಯಾನಿನ ಕಡೆ ನೋಡಿದಳು. ಸಾಧು ಮಗು ಎಂಬ ಮಾತಿಗೆ ಅಮ್ಮ ಎಂದೂ ನಕ್ಕವಳಲ್ಲ.

ಅಮ್ಮನನ್ನು ಎಲ್ಲರೂ ಗಿಲಕಿ ಟೀಚರ್ ಅನ್ನುತ್ತಿದ್ದರು. ಮನೆಮನೆಗೆ ಹೋಗಿ, ಕೂಸುಗಳ ಬೆನ್ನ ಹಿಂದೆ ಗಿಲಕಿ ಆಡಿಸಿ, ತಿರುಗುತ್ತವೋ ಇಲ್ಲವೋ ನೋಡುವುದು ಅವಳ ಕೆಲಸ. ತಿರುಗದ ಕೂಸನ್ನು ಆಸ್ಪತ್ರೆ ಮುಟ್ಟಿಸುವವರೆಗೆ ಆ ಮನೆಯವರನ್ನು ಬಿಡುತ್ತಿರಲಿಲ್ಲ.

ಕಿವಿಯ ಹಿಂದೆ ಪುಟ್ಟ ಮಿಷನ್ ಸಿಕ್ಕಿಸಿಕೊಂಡ ಹುಡುಗಿಯೊಬ್ಬಳು ಡ್ರೈವರ್ ಮೇಲೆ ಜಗಳಕ್ಕೆ ನಿಂತಿದ್ದಳು. “ಮೆಲ್ಲಗೆ ಹಾಕ್ಬಾರ್ದೇನ್ರೀ? ಒಳಗಿರೋದು ನಮ್ಮ ಟೀಚರ್!”

“ಇವಳು ಇನ್ನೂ ಹಾಲು ಕುಡಿಯೋ ಕೂಸು, ಆಗಲೇ ಕಿವಿ ಕೇಳಲ್ಲ ಅಂತ ಟೀಚರ್ ಕಂಡುಹಿಡಿದ್ರು,” ಅವಳ ತಾಯಿ ಚಿಕ್ಕಮ್ಮನಿಗೆ ಹೇಳುತ್ತಿದ್ದಳು. “ಕೂಡಲೇ ಮಿಷನ್ ಹಾಕ್ಸಿ, ಮಾತು ಕಲಿಸೋಕೆ ಶುರು ಮಾಡಿದ್ರು. ಈಗ ಇವಳ ಬಾಯಿ ಮುಚ್ಸೋಕೆ ಯಾರನ್ನ ಕರೀಲಿ ಹೇಳಿ. ಇವಳ ಅಣ್ಣಂದು ಗೊತ್ತಾದಾಗ ಅವನಿಗೆ ಐದು ವರ್ಷ. ಆಗ ಟೀಚರ್ ಈ ಕೆಲಸಕ್ಕೆ ಬಂದಿರ್ಲಿಲ್ಲ. ಅವನಿಗೆ ಮಾತು ಬರಲೇ ಇಲ್ಲ.”

*

ಹೋದ ತಿಂಗಳು ಅಮ್ಮ ಮೊಮ್ಮಗಳ ಹಿಂದೆ ಗಿಲಕಿ ಹಿಡಿದು ಕೂತಿದ್ದಳು.

“ನಿನ್ನ ಕೆಲಸಾನ ಮನೆಯೊಳಗೆ ತರ್ಬೇಡ!” ಮಗಳು ಅದನ್ನು ಕಿತ್ತುಕೊಂಡು, ತಾನೇ ಹಿಂದೆ ನಿಂತು ಆಡಿಸಿದಳು. ಕೂಸು ತಟ್ಟನೆ ತಿರುಗಿ ನಕ್ಕಿತು. “ನೋಡಿದ್ಯಾ?”

ಅಮ್ಮ ನೋಡುತ್ತಿದ್ದದ್ದು ನೆಲವನ್ನು. ಕಿಟಕಿಯ ಬಿಸಿಲಿಗೆ ಮಗಳ ಕೈಯ ನೆರಳು ಕೂಸಿನ ಮುಂದೆ ಚಾಚಿತ್ತು.

“ಕಿಟಕಿ ಮುಚ್ಚಿ ಇನ್ನೊಂದ್ಸಲ ಆಡ್ಸು, ಪುಟ್ಟಿ. ಈಗಲೇ ಗೊತ್ತಾದ್ರೆ ಇವಳೂ ಮಾತಾಡ್ತಾಳೆ. ತಡ ಮಾಡಿದಷ್ಟೂ ಕಷ್ಟ ಕಣೇ.”

“ನನ್ನ ಮಗೂಗೆ ಏನೂ ಆಗಿಲ್ಲ.”

ಆಮೇಲೆ ಇಬ್ಬರೂ ಸರಿಯಾಗಿ ಮಾತಾಡಿರಲಿಲ್ಲ.

*

“ಪುಟ್ಟಿ, ಹೊರಡೋಣ ಬಾ. ಎಲ್ಲರೂ ಕಾಯ್ತಿದ್ದಾರೆ,” ವ್ಯಾನಿನ ಪಕ್ಕದಿಂದ ಮಗಳ ಅಣ್ಣ ಕೂಗಿದ.

“ಮಗೂಗೆ ಟೋಪಿ ತರ್ತೀನಿ.”

ಕೋಣೆಯಲ್ಲಿ ಅಮ್ಮನ ಚೀಲ ಮೊಳೆಯಲ್ಲಿ ತೂಗುತ್ತಿತ್ತು. ಮುಟ್ಟಿದ್ದೇ ತಡ, ಒಳಗೆ ಯಾರೋ ಕಾದಿದ್ದವರಂತೆ ಗಿಲಕಿ ಸದ್ದು ಮಾಡಿತು. ಮಗಳು ಕೂಸನ್ನು ಚಾಪೆಯ ಮೇಲೆ ಕೂರಿಸಿ ಕಿಟಕಿ ಮುಚ್ಚಿದಳು. ನೆಲದ ಮೇಲಿನ ನೆರಳು ಅಳಿಸಿಹೋಯಿತು.

ಬೆನ್ನ ಹಿಂದೆ ಕೂತು ಆಡಿಸಿದಳು. ಮೊದಲು ಮೆಲ್ಲಗೆ. ಆಮೇಲೆ ಜೋರಾಗಿ. ಆಮೇಲೆ ಕೈ ಸೋಲುವಷ್ಟು.

ಬಾಗಿಲ ಪರದೆ ಸರಿಯಿತು. ಅಂಗಳದಿಂದ ಓಡಿಬಂದ ಮಿಷನ್ ಹುಡುಗಿ ಬಿಳಿಚಿಕೊಂಡು ನಿಂತಿದ್ದಳು. “ಅಕ್ಕಾ... ಟೀಚರ್ ಗಿಲಕಿ ಕೇಳಿಸ್ತು.”

“ನಿನ್ನನ್ನ ಯಾವ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರು, ಹೇಳು,” ಮಗಳು ಅಂದಳು. ಕೈ ಇನ್ನೂ ಗಿಲಕಿ ಆಡಿಸುತ್ತಲೇ ಇತ್ತು.

ಕೂಸು ತನ್ನ ಕಾಲ್ಬೆರಳು ಹಿಡಿದುಕೊಂಡು, ತನ್ನಷ್ಟಕ್ಕೆ ತಾನು ಆಡುತ್ತಿತ್ತು.