ಅರವತ್ತು ಬೆಡ್‌ಶೀಟುಗಳ ತೂಕ

ಬೆಳಿಗ್ಗೆ ಏಳೂ ಹತ್ತಕ್ಕೆ ಆಸ್ಪತ್ರೆಯ ನೆಲಮಹಡಿಯ ಕಾರಿಡಾರಿನಲ್ಲಿ, ಊಟ ಸಾಗಿಸುವ ಬ್ಯಾಟರಿ ಗಾಡಿ ಬೆಡ್‌ಶೀಟ್ ತುಂಬಿದ್ದ ಕೈಗಾಡಿಗೆ ಎದುರಿನಿಂದ ಡಿಕ್ಕಿ ಹೊಡೆಯಿತು. ಒಂದರ ಕೊಕ್ಕೆ ಇನ್ನೊಂದರ ಜಾಲರಿಗೆ ಸಿಕ್ಕಿ, ಎರಡೂ ಒಂದಾಗಿ ಬ್ಯಾಟರಿ ಗಾಡಿ ಹೊರಟಿದ್ದ ದಿಕ್ಕಿಗೇ ಎಂಟು ಅಡಿ ಹೋಗಿ ನಿಂತವು. ಕೈಗಾಡಿಯ ಆಯಾಳ ಮಣಿಕಟ್ಟು ಉಳುಕಿತು.

ಬ್ಯಾಟರಿ ಗಾಡಿಯಲ್ಲಿದ್ದವನು ಸೂಪರಿಂಟೆಂಡೆಂಟರ ಭಾಮೈದ. ಹೀಗಾಗಿ ತಪ್ಪು ಯಾರದೆಂಬುದು ಏಳೂ ಕಾಲಿಗೇ ತೀರ್ಮಾನವಾಗಿತ್ತು. ವಿಚಾರಣೆ ಮಾತ್ರ ಮೂರು ದಿನ ಬಿಟ್ಟು ನಡೆಯಿತು.

"ಲಿಫ್ಟಿಗೆ ಕಾಯ್ತಾ ಸುಮ್ನೆ ನಿಂತಿದ್ದೆ," ಎಂದಳು ಆಯಾ.

"ನಿಂತಿದ್ಲಂತೆ! ಗೂಳಿ ಥರ ನುಗ್ಗಿ ಬಂದ್ಲು," ಎಂದ ಭಾಮೈದ.

ನುಗ್ಗಿದ್ದು ನಿಜವೆಂದು ಬರೆದರೆ ಆಯಾಳ ಹದಿನೇಳು ವರ್ಷದ ಕೆಲಸ ಹೋಗುತ್ತಿತ್ತು. ಅದಕ್ಕೆ ವಿಜ್ಞಾನದ ಮೊಹರೂ ಇರಲೆಂದು ಸೂಪರಿಂಟೆಂಡೆಂಟರು ಪಕ್ಕದ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರನ್ನು ಕರೆಸಿದರು. ಮೇಷ್ಟ್ರು ಒಂದು ಕರಿಹಲಗೆ, ಮೂರು ಬಣ್ಣದ ಸೀಮೆಸುಣ್ಣ ತಂದಿದ್ದರು. ಡಿಕ್ಕಿಯಾದರೂ ಎರಡು ಗಾಡಿಗಳ ಒಟ್ಟು ದ್ರವ್ಯರಾಶಿ ಕೇಂದ್ರ ತನ್ನ ವೇಗದಲ್ಲೇ ಮುಂದುವರಿಯುತ್ತದೆ ಎಂದರು. ಕೈಗಾಡಿ ನಿಂತಿದ್ದರೆ ಜೋಡಿ ದೂರ ಹೋಗಬೇಕು; ಎದುರಿಗೆ ಬರುತ್ತಿದ್ದರೆ ಬೇಗ ನಿಲ್ಲಬೇಕು. ಎಷ್ಟು ದೂರ ಎಂಬುದನ್ನು ಪ್ರಯೋಗ ಮಾಡಿಯೇ ನೋಡೋಣ ಎಂದರು. ಬ್ಯಾಟರಿ ಗಾಡಿ ಗಂಟೆಗೆ ಹನ್ನೆರಡು ಕಿಲೋಮೀಟರಿಗಿಂತ ಜೋರಾಗಿ ಓಡುವುದಿಲ್ಲ. ಅವತ್ತು ಅಷ್ಟೇ ಜೋರಾಗಿ ಓಡಿಸುತ್ತಿದ್ದುದನ್ನು ಭಾಮೈದ ಹೆಮ್ಮೆಯಿಂದಲೇ ಒಪ್ಪಿಕೊಂಡ.

ಅಂದಿನ ಪಟ್ಟಿಯಲ್ಲಿ ಬೆಡ್‌ಶೀಟ್ ಅರವತ್ತು ಎಂದಿತ್ತು. ಉಗ್ರಾಣದಿಂದ ಇಸ್ತ್ರಿ ಮಾಡಿದ ಅರವತ್ತು ತಂದು ಕೈಗಾಡಿಗೆ ತುಂಬಿ ಅದನ್ನು ನಿಲ್ಲಿಸಿದರು. ಭಾಮೈದ ಬಂದು ಗುದ್ದಿದ. ಹದಿನಾಲ್ಕು ಅಡಿ.

"ಹದಿನಾಲ್ಕು ಹೋಗಬೇಕಾದ್ದು ಅವತ್ತು ಎಂಟೇ ಹೋಗಿದೆ. ಅಂದ್ರೆ ಈಯಮ್ಮ ಎದುರಿಗೆ ಬರ್ತಾ ಇದ್ರು," ಎಂದು ಮೇಷ್ಟ್ರು ಹಲಗೆಯ ಮೇಲಿನ ಲೆಕ್ಕದ ಕೆಳಗೆ ಎರಡು ಗೆರೆ ಎಳೆದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯ ಸೂಪರಿಂಟೆಂಡೆಂಟರು ಪೆನ್ನಿನ ಮುಚ್ಚಳ ತೆಗೆದರು.

"ಅವತ್ತು ಬಟ್ಟೆ ಒದ್ದೆ ಇತ್ತು ಸಾರ್. ಹಿಂಡೋ ಮಿಷನ್ ಕೆಟ್ಟು ವಾರ ಆಗಿತ್ತು. ತೊಟ್ಟಿಕ್ತಾ ಇದ್ದದ್ದನ್ನೇ ಒಣಗಿಸೋಕೆ ತಾರಸಿಗೆ ಒಯ್ತಿದ್ದೆ."

"ಪಟ್ಟಿಯಲ್ಲಿ ಒದ್ದೆ ಅಂತ ಎಲ್ಲಿದೆ? ಅರವತ್ತು ಅಂದ್ರೆ ಅರವತ್ತು," ಎಂದರು ಸೂಪರಿಂಟೆಂಡೆಂಟರು.

"ಎಣಿಸೋಕೆ ನಂಗೂ ಬರುತ್ತೆ. ಮೇಷ್ಟ್ರೇ, ನೀವೇ ಒಂದ್ಸಲ ತಳ್ಳಿ ನೋಡಿ."

ಮೇಷ್ಟ್ರು ಒಂದು ಬೆರಳಿಂದ ತಳ್ಳಿದರು. ಗಾಡಿ ಓಡಿತು.

"ಅವತ್ತು ಲಿಫ್ಟಿನ ತನಕ ಸೊಂಟ ಕೊಟ್ಟು ತಳ್ಳಿದೀನಿ. ಇಷ್ಟು ಹಗುರ ಇದ್ದಿದ್ರೆ ಈ ಭಾಮೈದದೇವ್ರನ್ನೂ ಮೇಲೆ ಕೂರಿಸ್ಕೊಂಡು ಹೋಗ್ತಿದ್ದೆ."

"ಬಾಯಿ ನೋಡು," ಎಂದ ಭಾಮೈದ.

ಆಯಾ ಯಾರ ಅಪ್ಪಣೆಗೂ ಕಾಯಲಿಲ್ಲ. ಗಾಡಿಯನ್ನು ಅಡುಗೆಮನೆಯ ಮೂಟೆ ತೂಗುವ ತಕ್ಕಡಿಗೆ ಹತ್ತಿಸಿದಳು: ಎಪ್ಪತ್ತಾರು ಕಿಲೋ. ಒಗೆಯುವ ಕೋಣೆಗೆ ಒಯ್ದು, ಬಟ್ಟೆ ತೋಯುವವರೆಗೆ ಪೈಪಿನಿಂದ ನೀರು ಬಿಟ್ಟು, ಮತ್ತೆ ತೂಗಿದಳು: ನೂರ ಅರವತ್ತಾರು. ಹಲಗೆಯ ಮೇಲೆ ಎರಡು ದಶಮಾಂಶದವರೆಗೆ ಲೆಕ್ಕ ಹಾಕಿದ್ದ ಮೇಷ್ಟ್ರು, ಅಷ್ಟು ಹೊತ್ತೂ ಒಂದೇ ಒಂದು ಬೆಡ್‌ಶೀಟನ್ನು ಮುಟ್ಟಿ ನೋಡಿರಲಿಲ್ಲ.

ಭಾಮೈದ ಇನ್ನೊಮ್ಮೆ ಗುದ್ದಿದ. ಎಂಟು ಅಡಿಗೆ ಎರಡು ಇಂಚು ಕಡಿಮೆ.

"ಸೂತ್ರ ಸರಿಯಾಗೇ ಇತ್ತು," ಎಂದರು ಮೇಷ್ಟ್ರು, ಹಲಗೆ ಒರೆಸುತ್ತ.

"ಸೂತ್ರ ಪಾಪ ಬಟ್ಟೆ ಒಗೆದಿಲ್ಲ ಬಿಡಿ," ಎಂದಳು ಆಯಾ.

ವಜಾ ಆದೇಶ ಹೊರಡಲಿಲ್ಲ. ಭಾಮೈದನ ಮೇಲೂ ಏನೂ ಹೊರಡಲಿಲ್ಲ. ಮರುದಿನ ಆಯಾಳಿಗೆ ಒಂದು ನೋಟಿಸು ಬಂತು: ಇಸ್ತ್ರಿಯಾಗಿದ್ದ ಅರವತ್ತು ಬೆಡ್‌ಶೀಟುಗಳನ್ನು ಅನುಮತಿಯಿಲ್ಲದೆ ಒದ್ದೆ ಮಾಡಿದ್ದಕ್ಕೆ ಕಾರಣ ತಿಳಿಸಬೇಕು. ಅವಳು ಸಹಿ ಹಾಕಿ ಅದನ್ನು ತೆಗೆದುಕೊಂಡು ಬೆಳಗಿನ ಪಾಳಿಗೆ ಹೋದಳು.