ಅಬ್ನರ್ ಕಣ್ಣಾರೆ ಕಂಡ ಗೋಲು

ನನ್ನ ತಂಗಿ ಲೆಟ್ಟಿಯ ಗಂಡ ಅಬ್ನರ್ ಹೆಸ್ಕೆತ್ ಹತ್ತೊಂಬತ್ತು ವರ್ಷ ಒಂದು ಶನಿವಾರವನ್ನೂ ತಪ್ಪಿಸದೆ ನಮ್ಮ ಓಕ್‌ಶಾ ಫುಟ್‌ಬಾಲ್ ತಂಡದ ಆಟಕ್ಕೆ ಬಂದವನು. ಅಷ್ಟು ವರ್ಷಗಳಲ್ಲಿ ಒಂದು ಗೋಲನ್ನೂ ನೋಡಿರಲಿಲ್ಲ. ಅವನ ಎತ್ತರ ನಾಲ್ಕು ಅಡಿ ಹನ್ನೊಂದು ಅಂಗುಲ. ಮೈದಾನದ ಸುತ್ತಲಿನ ಮೆಟ್ಟಿಲುಗಳ ಮೇಲೆ ಒತ್ತೊತ್ತಾಗಿ ನಿಂತ ಇಪ್ಪತ್ತು ಸಾವಿರ ಜನರ ನಡುವೆ ಅವನಿಗೆ ಕಾಣುತ್ತಿದ್ದದ್ದು ಮುಂದಿನವನ ಕೋಟಿನ ಬೆನ್ನು ಮಾತ್ರ. ಒಮ್ಮೆ ಸೋಪಿನ ಪೆಟ್ಟಿಗೆ ತಂದು ಅದರ ಮೇಲೆ ಹತ್ತಿ ನಿಂತ. ಜನ ಒಂದು ಸಲ ಓಲಾಡಿದ್ದೇ ತಡ, ಪೆಟ್ಟಿಗೆ ಒಂದು ಕಡೆ, ಇವನು ಇನ್ನೊಂದು ಕಡೆ.

ಹಾಗಾಗಿ ನೋಡುವ ಕೆಲಸ ಆರಡಿ ಎರಡಂಗುಲದ ನನ್ನದಾಯಿತು. "ಸೆಪ್, ಏನಾಯ್ತೋ?" ಎಂದು ಅವನು ನನ್ನ ತೋಳು ಜಗ್ಗುತ್ತಿದ್ದ, ನಾನು ಹೇಳುತ್ತಿದ್ದೆ. ನಮ್ಮ ತಂಡದ ಆಟವನ್ನು ಇದ್ದದ್ದು ಇದ್ದ ಹಾಗೆ ಹೇಳಿದರೆ ಯಾರಿಗೂ ಊಟ ಸೇರುತ್ತಿರಲಿಲ್ಲ. ಅದಕ್ಕೇ ಒಂದಿಷ್ಟು ಒಗ್ಗರಣೆ ಹಾಕುತ್ತಿದ್ದೆ. ಯಾರದೋ ಮೊಣಕಾಲಿಗೆ ತಾಗಿ ಒಳಗೆ ಉರುಳಿದ ಚೆಂಡು ನನ್ನ ಬಾಯಲ್ಲಿ ಇಪ್ಪತ್ತು ಗಜದಿಂದ ಹಾರಿ ಬರುತ್ತಿತ್ತು. ಅಬ್ನರ್ ಅದನ್ನು ಸೋಮವಾರ ನಮ್ಮ ಬಟ್ಟೆ ಗಿರಣಿಯಲ್ಲಿ ಇನ್ನೂ ಚೆಂದ ಮಾಡಿ ಹೇಳುತ್ತಿದ್ದ. ಸ್ವತಃ ಆಟ ನೋಡಿ ಬಂದವರೂ ಸುತ್ತ ಸೇರಿ ಕೇಳುತ್ತಿದ್ದರು.

ಒಂದು ಸೋಮವಾರ ಮೇಸ್ತ್ರಿ ಗಿಲ್ಬರ್ಟ್‌ಗೆ ಇದನ್ನು ಸಹಿಸಲಾಗಲಿಲ್ಲ. ಮಗ್ಗಗಳ ಗದ್ದಲದಲ್ಲಿ ನಮ್ಮಲ್ಲಿ ಎಲ್ಲರೂ ತುಟಿ ನೋಡಿಯೇ ಮಾತು ತಿಳಿಯುವುದು. ಅವನು ಮೂರು ಮಗ್ಗಗಳಾಚೆ ನಿಂತು, ನಿಧಾನವಾಗಿ, ಬಾಯಿ ಅಗಲಿಸಿ ಅಂದ: "ಕೋಟಿನ ಬೆನ್ನು ನೋಡ್ಕೊಂಡು ಬಂದೋನು ಗೋಲಿನ ಕಥೆ ಹೇಳ್ತಾನೆ." ಒಂದು ಸದ್ದೂ ಹೊರಡಲಿಲ್ಲ. ಆದರೆ ಇನ್ನೂರು ಜನ ಓದಿದರು, ಇನ್ನೂರು ಜನ ನಕ್ಕರು.

ಮನೆಗೆ ಬರುವಾಗ ಅಬ್ನರ್ ಮುಖ ಗಂಟು ಹಾಕಿಕೊಂಡಿದ್ದ. "ಈ ಶನಿವಾರ ಒಂದು ಗೋಲು ಕಣ್ಣಾರೆ ನೋಡ್ತೀನಿ, ಸೆಪ್. ಇಲ್ದಿದ್ರೆ ಇನ್ನು ಆ ಮೈದಾನದ ಕಡೆ ತಲೆ ಹಾಕಿಯೂ ಮಲಗೋದಿಲ್ಲ."

ಆಡಿದರೆ ಮಾಡುವ ಮನುಷ್ಯ ಅವನು. ಅವನಿಲ್ಲದೆ ಆ ದರಿದ್ರ ಆಟವನ್ನು ನಾನೊಬ್ಬನೇ ನೋಡಬೇಕೇ?

ಶನಿವಾರ ಲಂಡನ್ನಿನವರ ಜೊತೆ ಕಪ್ ಪಂದ್ಯ. ಊರಿಗೆ ಊರೇ ಗಿರಣಿಯಿಂದ ನೇರ ಮೈದಾನಕ್ಕೆ ನುಗ್ಗಿತ್ತು. ಇಂಥ ದಿನ ನೂಕುನುಗ್ಗಲಲ್ಲಿ ನಾಲ್ಕಾರು ಜನ ಮೂರ್ಛೆ ಹೋಗುವುದು ಮಾಮೂಲು. ಅವರನ್ನು ತಲೆಗಳ ಮೇಲೆ ಎತ್ತಿ, ಕೈಯಿಂದ ಕೈಗೆ ದಾಟಿಸುತ್ತ, ಕೆಳಗೆ ಮೈದಾನದ ಅಂಚಿಗೆ ಇಳಿಸುತ್ತಿದ್ದರು. ಅಲ್ಲಿ ನೀರು ಕೊಟ್ಟು, ಗೆರೆಯ ಪಕ್ಕದ ಬೆಂಚಿನಲ್ಲಿ ಕೂರಿಸುತ್ತಿದ್ದರು. ಊರಿನ ಮೇಯರಿಗೂ ಅಂಥ ಜಾಗ ಸಿಗುತ್ತಿರಲಿಲ್ಲ.

ಆಟ ಮುಗಿಯಲು ಹತ್ತು ನಿಮಿಷವಿತ್ತು. ಇಬ್ಬರಿಗೂ ಗೋಲಿಲ್ಲ. ಅಬ್ನರ್ ನನ್ನ ಕಿವಿ ಎಟುಕದೆ ಹೊಟ್ಟೆಯ ಹತ್ತಿರವೇ ಪಿಸುಗುಟ್ಟಿದ: "ಈಗ ಬೀಳ್ತೀನಿ." ಬಿದ್ದೂಬಿಟ್ಟ.

"ಅಯ್ಯೋ ಪಾಪ, ಎತ್ರಪ್ಪ," ಎಂದೆ. ನನ್ನ ಧ್ವನಿಯಲ್ಲಿ ದುಃಖ ಸಾಲದಾಗಿತ್ತು, ಆದರೂ ಜನ ಎತ್ತಿದರು. ಕಾಲು ಮುಂದಾಗಿ, ಕಣ್ಣು ಮುಚ್ಚಿ, ಕೈಗಳ ಮೇಲೆ ಅಬ್ನರ್ ಇಳಿಯತೊಡಗಿದ. ದಾರಿಯಲ್ಲಿದ್ದವರು ಟೋಪಿ ತೆಗೆದು ಮರ್ಯಾದೆ ಕೊಟ್ಟರು.

ಅರ್ಧ ದಾರಿಗೆ ಬಂದಿದ್ದ. ಆಗ ನಮ್ಮವರಿಗೊಂದು ಕಾರ್ನರ್ ಸಿಕ್ಕಿತು, ಮೂಲೆಯಿಂದ ಗೋಲಿನ ಮುಂದಕ್ಕೆ ಒದೆಯುವ ಅವಕಾಶ.

ಇಡೀ ಮೈದಾನದಲ್ಲಿ ಆ ಕ್ಷಣ ಅವನಷ್ಟು ಎತ್ತರದಲ್ಲಿ ಯಾರೂ ಇರಲಿಲ್ಲ. ಆದರೆ ಕಣ್ಣು ತೆರೆದರೆ ಕಳ್ಳಾಟ ಬಯಲು, ತೆರೆಯದಿದ್ದರೆ ಗೋಲು ಹೋಯಿತು. ಮೂಲೆಯಿಂದ ಚೆಂಡು ಹಾರಿ ಬಂತು. ಸತ್ತಂತಿದ್ದವನು ಆ ಕೈಗಳ ಮೇಲೆಯೇ ಎದ್ದು ಕೂತ.

"ಗೋಲು!" ಎಂದು ಮೊದಲು ಕೂಗಿದ್ದು ಅವನೇ.

ಟೋಪಿಗಳೆಲ್ಲ ಆಕಾಶಕ್ಕೆ ಹಾರಿದವು. ಹೊತ್ತಿದ್ದ ಕೈಗಳೂ ಟೋಪಿ ಎಸೆಯಲು ಹೋದದ್ದರಿಂದ ಅಬ್ನರ್ ಮಾತ್ರ ಕೆಳಗೆ ಬಿದ್ದ. ಸಂಭ್ರಮ ಇಳಿದ ಮೇಲೆ ಒಬ್ಬ ಅವನನ್ನು ಕತ್ತುಪಟ್ಟಿ ಹಿಡಿದೆತ್ತಿದ.

"ಮೂರ್ಛೆ ತಿಳೀತೇನಪ್ಪ?"

"ಈಗ ಪರವಾಗಿಲ್ಲ," ಎಂದ ಅಬ್ನರ್.

"ಹಾಗಾದ್ರೆ ಮನೆಗೆ ನಡಿ." ಕೈಯಿಂದ ಕೈಗೆ, ಈ ಸಲ ಮೇಲಕ್ಕೆ ಕಳಿಸಿದರು. ಸಾಲಿಗೊಬ್ಬರಂತೆ ಅವನ ತಲೆಗೆ ಮೊಟಕಿದರು. ನನ್ನ ಹತ್ತಿರ ಬಂದು ಮುಟ್ಟುವಾಗ ಅವನ ಕಿವಿಗಳೆರಡೂ ಕೆಂಪಾಗಿದ್ದವು.

ಒಂದು ಗೋಲಿನಿಂದ ಗೆದ್ದೆವು. ಹಿಂತಿರುಗುವಾಗ ಅಬ್ನರ್ ಬೀದಿಯ ತಿರುವಿನಲ್ಲಿ ನಿಂತ.

"ನಮ್ಮ ಡಗ್ಡೇಲ್ ಕೆಸರಲ್ಲಿ ಜಾರಿ ಬಿದ್ದ ಕಣೋ. ಚೆಂಡು ಬಂದು ಅವನ ಕುಂಡೆಗೆ ಬಡಿದು ಒಳಗೋಯ್ತು. ಅವನಿಗೇ ಗೊತ್ತಾಗ್ಲಿಲ್ಲ."

"ಹೂಂ," ಎಂದೆ.

"ಎಲ್ಲಾ ಹೀಗೇನಾ?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಹೆಚ್ಚುಕಡಿಮೆ ಹೀಗೇ, ಅಬ್ನರ್."

ಅವನು ನನ್ನನ್ನು ತಲೆಯೆತ್ತಿ ನೋಡಿದ. ಹತ್ತೊಂಬತ್ತು ವರ್ಷದ ಒಂದೊಂದೇ ಗೋಲನ್ನು ಎಣಿಸುತ್ತಿದ್ದಾನೆ ಅನ್ನಿಸಿ ನನಗೆ ನಾಚಿಕೆಯಾಯಿತು. ಅವನು ಹೆಂಡದಂಗಡಿಯತ್ತ ನಡೆದ, ನಾನು ಹಿಂದೆಯೇ.

ಅಲ್ಲಿ ಗಿಲ್ಬರ್ಟ್ ಕಾಯುತ್ತಿದ್ದ. "ಏನ್ ಸ್ವಾಮಿ, ಕೊನೆಗೂ ನೋಡಿದ್ರಂತೆ?"

"ನೋಡ್ದೆ. ನಿಮ್ಮೆಲ್ಲರಿಗಿಂತ ಮೇಲಿಂದ ನೋಡ್ದೆ."

"ಹೇಳು ಮತ್ತೆ."

ಅಲ್ಲಿದ್ದ ಅಷ್ಟು ಜನರೂ ಡಗ್ಡೇಲನ ಕುಂಡೆಯನ್ನು ಕಣ್ಣಾರೆ ಕಂಡವರೇ. ಅಬ್ನರ್ ಬಿಯರ್ ಒಂದು ಗುಟುಕು ಹೀರಿ, ಮೀಸೆ ಒರೆಸಿಕೊಂಡ.

"ಡಗ್ಡೇಲ್ ಬೆನ್ನು ಮಾಡಿ ನಿಂತಿದ್ದ. ಚೆಂಡು ಬಂತು. ತಿರುಗಿದ ನೋಡು, ಗಾಳೀಲೇ ತಿರುಗಿದ. ಮೂವತ್ತು ಗಜದಿಂದ ಹೊಡ್ದ. ಗೋಲ್‌ಕೀಪರ್ ಬೆರಳ ತುದಿಯಲ್ಲಿ ಸವರಿದ, ಚರ್ಮ ಕಿತ್ತು ಬಂತೇ ಹೊರತು ಚೆಂಡು ನಿಲ್ಲಲಿಲ್ಲ."

ಯಾರೂ ನಗಲಿಲ್ಲ. ನನಗೆ ಅವನನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ಎಲ್ಲರೂ ಗಿಲ್ಬರ್ಟ್‌ನ ಮುಖ ನೋಡಿದರು. ಅವನು ಲೋಟ ಬರಿದು ಮಾಡಿ ಕೆಳಗಿಟ್ಟ.

"ಮೂವತ್ತಲ್ಲ ಕಣೋ," ಎಂದ ಕೊನೆಗೆ. "ಸರಿಯಾಗಿ ನೋಡು. ನಲವತ್ತು ಗಜ ಇತ್ತು."