ದುಭಾಷಿಯ ಗವಸು

೧

ಕೈಯಿಂದ ಶುರು ಮಾಡಲೋ, ಮನಸ್ಸಿನಿಂದಲೋ? ಕೈಯಿಂದ ಮಾಡಿದರೆ ಇದು ಸೋರಿಯಾಸಿಸ್ ಎಂಬ ಚರ್ಮರೋಗದ ಕಥೆ. ಮನಸ್ಸಿನಿಂದ ಮಾಡಿದರೆ ನೀವು ಆಗಲೇ ಓದಿ ಸುಸ್ತಾಗಿರುವ ಕಥೆ. (ಬರೆದವರೂ ಸುಸ್ತಾಗಿದ್ದಾರೆ.)

ಕೈಯೇ ಇರಲಿ.

೧, ಮತ್ತೆ

ಅವಳು ಸನ್ನೆ ಭಾಷೆಯ ದುಭಾಷಿ. ಬ್ಯಾಂಕು, ಕೋರ್ಟು, ಆಸ್ಪತ್ರೆ, ಹೀಗೆ ಕಿವಿ ಕೇಳದವರು ಹೋಗಬೇಕಾದಲ್ಲಿಗೆ ಜೊತೆಗೆ ಹೋಗಿ, ಬಾಯಿಮಾತನ್ನು ಕೈಗೂ ಕೈಮಾತನ್ನು ಬಾಯಿಗೂ ದಾಟಿಸುವುದು ಅವಳ ಕೆಲಸ. ಹೋದ ಚಳಿಗಾಲದಲ್ಲಿ ಬೆರಳ ಗೆಣ್ಣುಗಳ ಮೇಲೆ ಕೆಂಪು ತೇಪೆಗಳೆದ್ದವು. ಕೈ ಆಡಿಸಿದರೆ ಮಡಿಲಿಗೆ ಬಿಳಿ ಹೊಟ್ಟು ಉದುರುತ್ತಿತ್ತು. ಅವಳ ಆತ್ಮದ ಸುಣ್ಣವೇ ಉದುರುತ್ತಿತ್ತು ಎಂದು ಬರೆದು, ನನಗೆ ನಾನೇ ಭೇಷ್ ಅಂದುಕೊಂಡೆ.

"ಆತ್ಮಾನೂ ಇಲ್ಲ, ಸುಣ್ಣಾನೂ ಇಲ್ಲ," ಎಂದಳು ಅವಳು. "ತುರಿಸುತ್ತೆ. ಅಷ್ಟು ಬರೀರಿ, ಸಾಕು."

ಹೊಡೆದು ಹಾಕಿದ್ದೇನೆ. ತುರಿಸುತ್ತಿತ್ತು.

೨

ಚರ್ಮದ ಡಾಕ್ಟರು ಕೈ ನೋಡಿ, ನಿದ್ದೆ ಹೇಗಿದೆ ಎಂದು ಕೇಳಿದರು. ತೋರಿಸಲು ಬಂದದ್ದು ಕೈ, ಇವರು ಕೇಳುವುದು ನಿದ್ದೆ ಎಂದು ಅವಳಿಗೆ ಮೈ ಉರಿದುಹೋಯಿತು. ಇದು ಅಂಟುವ ರೋಗವಲ್ಲ, ಆದರೆ ಮನಸ್ಸು ಕುಗ್ಗಿದರೆ ಇದು ಹೆಚ್ಚಾಗಬಹುದು, ಇದು ಹೆಚ್ಚಾದರೆ ಮನಸ್ಸು ಕುಗ್ಗಬಹುದು, ಎರಡನ್ನೂ ಒಟ್ಟಿಗೇ ನೋಡಬೇಕು ಎಂದರು ಅವರು. ಮೊದಲು ಯಾವುದು ಎಂದು ಅವರೂ ಹೇಳಲಿಲ್ಲ. (ಸದ್ಯ, ಈ ಕಷ್ಟ ನನಗೊಬ್ಬನಿಗೇ ಅಲ್ಲ.) ನಿದ್ದೆ ಚೆನ್ನಾಗಿಯೇ ಬರುತ್ತದೆ ಎಂದು ಸುಳ್ಳು ಹೇಳಿ, ಅವಳು ಮುಲಾಮಿನ ಚೀಟಿ ಹಿಡಿದು ಬಂದಳು. ಆಮೇಲೆ ಒಂದೊಂದೇ ಕೆಲಸ ಒಲ್ಲೆ ಎನ್ನತೊಡಗಿದಳು. ಎಲ್ಲರೂ ನೋಡುವುದು ತನ್ನ ಕೈಯನ್ನೇ ಅಲ್ಲವೇ.

(ಅಲ್ಲ. ಸನ್ನೆ ಬಲ್ಲವರು ನೋಡುವುದು ಮುಖವನ್ನು. ಕೈ ಕಣ್ಣಂಚಿಗೆ ಬಿದ್ದರೆ ಸಾಕು. ಹೊಸಬರಿಗೆ ಇದನ್ನು ಕಲಿಸುತ್ತಿದ್ದವಳೇ ಅವಳು. ಗೊತ್ತಿದ್ದದ್ದು ಆಗ ನೆರವಿಗೆ ಬರಲಿಲ್ಲ.)

೩

ಮುಕ್ತಾಯ ಅ: ಹೊಸ ಮುಲಾಮು, ನುಣುಪಾದ ಕೈ, ನಗು. ಜಾಹೀರಾತಿನ ಹಾಗಿದೆ ಎಂದು ಅವಳೇ ಕಾಟು ಹೊಡೆದಳು.

ಮುಕ್ತಾಯ ಆ: ರಾಜೀನಾಮೆ, ಮುಚ್ಚಿದ ಕಿಟಕಿ, ಮೌನ. ಇದನ್ನು ಓದಿ ಅವಳು ಪುಟವನ್ನು ಹಾಗೇ ಹಿಂದಿರುಗಿಸಿದಳು. ನನ್ನ ಜೊತೆ ಜಗಳಕ್ಕೂ ಬಾರದ ಅವಳನ್ನು ಕಂಡು ನನಗೆ ಹೆದರಿಕೆಯಾಯಿತು. ಪುಟ ಹರಿದು, ಬಡಗಿಯನ್ನು ಕರೆತಂದೆ.

ವಯಸ್ಸಾದ ಈ ಬಡಗಿಗೆ ಹುಟ್ಟಿನಿಂದ ಕಿವಿ ಕೇಳದು. ಗಂಟಲಲ್ಲೊಂದು ಗಂಟು, ಇವತ್ತು ಅದರ ರಿಪೋರ್ಟು. ಅವಳೇ ಬರಬೇಕು, ಬೇರೆ ಯಾರು ಬಂದರೂ ತಾನು ಆಸ್ಪತ್ರೆಗೆ ಹೋಗುವುದಿಲ್ಲ ಎಂದು ಪಟ್ಟು ಹಿಡಿದಿದ್ದ. ಅವಳು ಕಪ್ಪು ಗವಸು ತೊಟ್ಟು ಬಂದಳು. ಡಾಕ್ಟರು ಈಗ ಕರೆಯುತ್ತಾರೆ ಎಂದು ಕಾರಿಡಾರಿನಲ್ಲಿ ಸನ್ನೆ ಮಾಡಿದಳು. ಬಡಗಿ ಅವಳ ಮುಖವನ್ನೇ ನೋಡುತ್ತ ಕೈ ಎತ್ತಿದ.

"ಕೈಗೆ ಗವಸು ಹಾಕ್ಕೊಂಡಿದ್ದೀಯ, ಸರಿ ಮಗಳೇ. ಮುಖಕ್ಕೂ ಯಾಕೆ ಹಾಕ್ಕೊಂಡು ಬಂದೆ?"

ಬಡಗಿಯ ಕೈ ಮತ್ತೆ ಕೇಳಿತು.

"ನಿದ್ದೆ ಮಾಡ್ತಿದ್ದೀಯಾ?"

"ಇಲ್ಲ," ಎಂದಿತು ಕೈ. ಎಷ್ಟೋ ದಿನದ ಮೇಲೆ ಮುಖವೂ ಅದನ್ನೇ ಹೇಳಿತು.

ಆಗ ಅವಳು ಗವಸು ಕಳಚಿ ಎಸೆದಳು ಎಂದು ಬರೆದೆ. ಎಸೆಯಲಿಲ್ಲ, ತುರಿಕೆ ಇದೆ, ಗವಸೂ ಇರಲಿ ಎಂದಳು. ಚರ್ಮದ ಡಾಕ್ಟರಿಗೂ ನಿದ್ದೆಯ ನಿಜ ಹೇಳುತ್ತೀಯಾ ಎಂದು ಕೇಳಿದೆ. ನೋಡೋಣ ಎಂದಳು. ಕೈ ವಾಸಿಯಾಗುತ್ತದೋ ಇಲ್ಲವೋ ಎಂದು ಓದುವವರು ನನ್ನ ಪ್ರಾಣ ತಿನ್ನುತ್ತಾರೆ ಎಂದು ಗೋಗರೆಯುವಷ್ಟರಲ್ಲಿ ನರ್ಸ್ ಕರೆದಳು. ಇಬ್ಬರೂ ಎದ್ದರು. ಹಿಂದೆಯೇ ಹೊರಟ ನನಗೆ ಅವಳು ಬಾಗಿಲಲ್ಲಿ ಗವಸಿನ ಕೈ ಅಡ್ಡ ಹಿಡಿದಳು.

"ಒಳಗಿನ ಮಾತು ಹೊರಗೆ ಹೋಗೋ ಹಾಗಿಲ್ಲ. ಅದು ನನ್ನ ಕೆಲಸದ ನಿಯಮ. ನೀವು ಬೆಂಚಿನ ಮೇಲೆ ಕೂತಿರಿ."

ಕೂತಿದ್ದೇನೆ. ನೀವೂ ಬನ್ನಿ, ಜಾಗ ಇದೆ.